ಅನ್ನ ನೋಡುವ ಕೆಲಸ ಮನೆಗೆ ಬಂದದ್ದು

ಎಲ್ಲರೂ ದುಡಿಯುತ್ತಾರೆ, ದುಡಿದ ಮೇಲೆ ಉಣ್ಣುತ್ತಾರೆ. ನನ್ನದು ತಿರುವುಮುರುವು. ನಾನು ಉಣ್ಣುವುದೇ ದುಡಿಮೆ. ಈ ಮಾತನ್ನು ಮದುವೆ ಮುಂಜಿಗಳಲ್ಲಿ ಹೇಳಿದರೆ ಹೆಂಗಸರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅದಕ್ಕs ಹಿಂಗಾಗೀಯೇನು?’ ಎಂದು ಕೇಳುತ್ತಾರೆ. ಹಾಗಾಗಿ ಈಗೀಗ ಯಾರಾದರೂ ಕೇಳಿದರೆ ‘ಪ್ರೈವೇಟ್ ಕೆಲಸ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ರಾಯಚೂರಿನ ಗಂಜ್ ಇದೆಯಲ್ಲ, ಅದೇ ಕಾಳುಕಡಿಯ ಮಾರುಕಟ್ಟೆ, ಅದರ ಹಿಂದಿನ ಓಣಿಯಲ್ಲಿ ಬಸವಂತಪ್ಪ ಸಾಹುಕಾರರ ಅಕ್ಕಿ ವ್ಯಾಪಾರದ ಆಫೀಸಿದೆ. ಅಲ್ಲಿ ನಾನು ಅನ್ನ ನೋಡುವವಳು. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಹಲ್ಲಿಗೆ ಕಡಿದು ಬೆಲೆ ಕಟ್ಟುವವರು ಊರ ತುಂಬ ಇದ್ದಾರೆ. ಆದರೆ ನಮ್ಮ ಸಾಹುಕಾರರ ವಾದವೇ ಬೇರೆ. ಜನ ಅಕ್ಕಿ ಉಣ್ಣುತ್ತಾರೋ, ಅನ್ನ ಉಣ್ಣುತ್ತಾರೋ ಎಂದು ಅವರು ಕೇಳುತ್ತಾರೆ. ಆದ್ದರಿಂದ ಮಾನ್ವಿಯ ಮಿಲ್ಲಿನಿಂದ ಬಂದ ಪ್ರತಿ ಲಾಟಿನ, ಎಂದರೆ ಪ್ರತಿ ಕಂತಿನ, ಅಕ್ಕಿಯನ್ನು ಆಫೀಸಿನಲ್ಲೇ ಬೇಯಿಸಿ, ಮಧ್ಯಾಹ್ನ ಎಲ್ಲರೂ ಸುತ್ತ ಕೂತು, ಉಪ್ಪಿಲ್ಲದೆ ಸಾರಿಲ್ಲದೆ ಬರೀ ಅನ್ನ ತಿಂದು, ‘ಹೂಂ’ ಎಂದ ಮೇಲೆಯೇ ಲಾರಿ ಊರು ಬಿಡಬೇಕು. ಕೊನೆಯ ಹೂಂ ನನ್ನದು.

ಆ ಹೂಂ ಅನ್ನುವಾಗ ನನಗಾಗುವ ಹಿಗ್ಗನ್ನು ಹೇಗೆ ಹೇಳಲಿ? ಸಾಹುಕಾರರಂಥ ಸಾಹುಕಾರರು ಬಾಯಿ ಮುಚ್ಚಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿರುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಅನ್ನ ಬಿಡಿಸಿದ್ದಾರೆ. ಊರಿಗೆಲ್ಲ ಅಕ್ಕಿ ಮಾರಿ ಮನೆಯಲ್ಲಿ ಜೋಳದ ರೊಟ್ಟಿ ತಿನ್ನುತ್ತಾರೆ. ‘ಸುಧಾಬಾಯಾರ, ಹ್ಯಾಂಗದರೀ?’ ಎಂದು ಅವರು ಕೇಳುತ್ತಾರೆ. ನಾನು ಅವಸರ ಮಾಡುವುದಿಲ್ಲ. ಅಗಳನ್ನು ನಾಲಿಗೆಯ ಮೇಲೆ ಹೊರಳಾಡಿಸಿ, ಗೋಡೆ ನೋಡಿ, ಆಮೇಲೆ ‘ಮುದ್ದಿ ಆಗೇದ್ರಿ, ಹೊಸಾ ಅಕ್ಕಿ. ಇನ್ನೂ ಇಡಬೇಕು’ ಎನ್ನುತ್ತೇನೆ. ಲಾಟು ಅಲ್ಲೇ ನಿಲ್ಲುತ್ತದೆ. ನನ್ನ ಒಂದು ಮಾತಿಗೆ ಲೋಡಾಗಿ ನಿಂತ ಲಾರಿ ಖಾಲಿಯಾಗುತ್ತದೆ ಎಂದರೆ ಸಾಮಾನ್ಯವೇ?

ಈಗ ಮನೆಯ ಕಡೆ ಬನ್ನಿ. ನಮ್ಮ ಮನೆಯಲ್ಲಿ ಅಡುಗೆ ಅತ್ತೆಯವರದು. ಅವರು ನಸುಕಿನಲ್ಲೇ ಎದ್ದು, ಮಡಿಯುಟ್ಟು, ಒಲೆಯ ಮುಂದೆ ನಿಂತರೆಂದರೆ ನೈವೇದ್ಯ ಮುಗಿಯುವವರೆಗೆ ಅಡುಗೆಮನೆಯ ಹೊಸ್ತಿಲನ್ನು ಯಾರೂ ದಾಟುವ ಹಾಗಿಲ್ಲ. ಸಾರು, ಹುಳಿ, ಗೊಜ್ಜು ಎಲ್ಲ ಅಮೃತ. ಅನ್ನ ಮಾತ್ರ ಮುದ್ದೆ. ಸೌಟಿನಿಂದ ಬಡಿಸಿದರೆ ಸೌಟಿನ ಆಕಾರದಲ್ಲೇ ತಟ್ಟೆಯ ಮೇಲೆ ಕೂತುಬಿಡುತ್ತದೆ. ಆಫೀಸಿನಲ್ಲಾದರೆ ಅಂಥ ಅನ್ನವನ್ನು ನಾನು ಒಂದು ತುತ್ತಿಗೇ ಹೊರಗೆ ಹಾಕುತ್ತಿದ್ದೆ. ಮನೆಯಲ್ಲಿ ‘ಹ್ಯಾಂಗ ಆಗೇದ?’ ಎಂದು ಅತ್ತೆ ಕೇಳಿದಾಗಲೆಲ್ಲ ‘ಛಲೋ ಆಗೇದ್ರಿ ಅತ್ಯಾ’ ಎನ್ನುತ್ತೇನೆ. ನನ್ನ ಗಂಡನೂ ಅದನ್ನೇ ಹೇಳುತ್ತಾರೆ. ಅವರು ಅವ್ವನಿಗೂ ಹೆಂಡತಿಗೂ ಬೇರೆ ಉತ್ತರ ಕೊಟ್ಟವರೇ ಅಲ್ಲ. ಒಟ್ಟಿನಲ್ಲಿ ನನ್ನ ನಾಲಿಗೆಗೆ ಎರಡು ಊರು. ಗಂಜಿನಲ್ಲಿ ಅದು ಜಡ್ಜ್ ಸಾಹೇಬ, ಮನೆಯಲ್ಲಿ ಮೂಗ. ನಡುವೆ ಒಂದು ಆಟೋರಿಕ್ಷಾದಷ್ಟು ದೂರ ಇದ್ದುದರಿಂದ ಇಬ್ಬರಿಗೂ ಜಗಳ ಬಂದಿರಲಿಲ್ಲ.

ಆ ದೂರವನ್ನು ಈ ಸಲದ ಮಳೆ ಅಳಿಸಿಹಾಕಿತು. ನಮ್ಮ ರಾಯಚೂರಿಗೆ ಬಿಸಿಲೆಂದರೆ ಮನೆಮಗ, ಮಳೆ ಎಂದರೆ ಅಪರೂಪದ ಬೀಗ. ಆ ಬೀಗರು ಬಂದವರು ಹೊರಡುವ ಮಾತೇ ಎತ್ತಲಿಲ್ಲ. ಆಫೀಸಿನ ಓಣಿಯಲ್ಲಿ ನೀರು ನಿಂತಿತು, ಆಮೇಲೆ ಆಫೀಸಿನೊಳಗೇ ನಿಂತಿತು. ನಾನು ಅನ್ನ ಬೇಯಿಸುತ್ತಿದ್ದ ಬೋಗುಣಿ ತೇಲುತ್ತ ಬಾಗಿಲ ತನಕ ಬಂದು ಸಾಹುಕಾರರನ್ನು ಎದುರುಗೊಂಡಿತಂತೆ. ಅತ್ತ ದೇವದುರ್ಗದ ದಾರಿಯಲ್ಲಿ ಹಳ್ಳಗಳು ತುಂಬಿ ಬಸ್ಸು ನಿಂತವು. ನಮ್ಮ ಹಣಮಂತ ದೇವದುರ್ಗದವನು, ದಿನಾ ಬಸ್ಸಿನಲ್ಲಿ ಬಂದು ಲಾರಿಗಳ ವ್ಯವಸ್ಥೆ ನೋಡುವವನು. ಅವನು ಊರಲ್ಲೇ ಸಿಕ್ಕಿಬಿದ್ದ. ಮಾನ್ವಿಯ ಮಿಲ್ಲಿನ ಹತ್ತಿರ ನಮ್ಮ ಗೋದಾಮು ನೋಡುವ ಮೆಹಬೂಬ ಒಬ್ಬನೇ ಅಕ್ಕಿಯ ಪಕ್ಕ ಮೈ ನೆನೆಯದೆ ಕೂತಿದ್ದ. ಮಾನ್ವಿಯಿಂದ ಆಚೆ ಸಿಂಧನೂರಿನ ಕಡೆ ರಸ್ತೆ ಚೆನ್ನಾಗಿಯೇ ಇತ್ತು. ಅಂದರೆ ಅಕ್ಕಿ ಇತ್ತು, ಲಾರಿ ಇತ್ತು, ದಾರಿ ಇತ್ತು. ಇಲ್ಲದ್ದು ಹೂಂ ಒಂದೇ.

ಸಾಹುಕಾರರು ಫೋನು ಮಾಡಿದರು. ಅವರ ದನಿ ಯಾವತ್ತೂ ಅಷ್ಟು ಕುಗ್ಗಿದ್ದನ್ನು ನಾನು ಕೇಳಿರಲಿಲ್ಲ. ‘ಬಾಯಾರ, ಕರೋನಾದಾಗೂ ನಮ್ಮ ಬಾಗಲಾ ಮುಚ್ಚಿದ್ದಿಲ್ಲ. ಅಕ್ಕಿ ಬೇಕಾದ್ದು ಅಂತ ಪೊಲೀಸರs ಪಾಸ್ ಕೊಟ್ಟಿದ್ರು. ಈಗ ನೀರಿಗೆ ಯಾವ ಪಾಸ್ ತೋರಸ್ಲಿ? ಹುಬ್ಬಳ್ಳಿ ಗಿರಾಕಿ ಕೈಬಿಟ್ಟಾ ಅಂದ್ರ ಈ ಆಫೀಸಿಗಿ ಬೀಗಾ ಹಾಕಿ ನಾನೂ ಮಾನ್ವಿ ಮಿಲ್ಲಿನ್ಯಾಗ ಹೋಗಿ ಕುಂಡ್ರತೀನಿ.’ ಮಿಲ್ಲಿನಲ್ಲಿ ಅನ್ನ ನೋಡುವ ಪದ್ಧತಿಯಿಲ್ಲ. ಆಫೀಸು ಮುಚ್ಚಿದರೆ ನನ್ನ ಕೆಲಸವೂ ಮುಗಿಯಿತು ಎಂದು ಅವರು ಹೇಳಲಿಲ್ಲ, ನನಗೆ ತಿಳಿಯಿತು. ಸಂಬಳ ಹೋದೀತು ಎಂಬ ಹೆದರಿಕೆಗಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಭೂಮಿಯ ಮೇಲೆ ನಾನು ‘ಬ್ಯಾಡ’ ಎಂದರೆ ಬೇಡವಾಗುವ ಜಾಗ ಅದೊಂದೇ. ಅದೂ ಹೋದರೆ ನಾನು ದಿನವಿಡೀ ‘ಛಲೋ ಆಗೇದ್ರಿ’ ಎನ್ನುತ್ತಲೇ ಮುದುಕಿಯಾಗಬೇಕು. 

ಆ ಹೆದರಿಕೆಯಿಂದಲೇ ಉಪಾಯವೂ ಹೊಳೆಯಿತು. ‘ಸಾಹುಕಾರ್ರ, ದೊಡ್ಡ ದೊಡ್ಡ ಕಂಪನಿಯವ್ರೆಲ್ಲಾ ಮನ್ಯಾಗ ಕೂತು ಕೆಲಸಾ ಮಾಡ್ತಾರ. ನಾವ್ಯಾಕ ಮಾಡಬಾರದು?’ ಎಂದೆ. ‘ಅವರು ಕಂಪ್ಯೂಟರ್ ಒತ್ತವ್ರರೀ. ನಾವು ಅನ್ನಾ ತಿನ್ನವ್ರು’ ಎಂದರು. ‘ಅನ್ನಾ ಮನ್ಯಾಗ ತಿನ್ನೂದು ಇನ್ನೂ ಸಸಾರ ಅಲ್ಲೇನ್ರಿ?’ ಎಂದೆ. ಅವರು ನಕ್ಕರು. ಅಲ್ಲಿಂದ ನನಗೆ ರೆಕ್ಕೆ ಬಂದ ಹಾಗಾಯಿತು. ಮೆಹಬೂಬ ಪ್ರತಿ ಲಾಟಿನಿಂದ ಅಕ್ಕಿ ತೆಗೆದು ಪೊಟ್ಟಣ ಕಟ್ಟುವುದು. ಒಂದು ಪೊಟ್ಟಣ ಬಸ್ಸಿನಲ್ಲಿ ರಾಯಚೂರಿಗೆ, ನನಗೆ. ಇನ್ನೊಂದು ಕವಿತಾಳದ ತನಕ ಬಸ್ಸಿನಲ್ಲಿ, ಅಲ್ಲಿಂದ ಹಣಮಂತನ ಅಳಿಯನ ಟ್ರ್ಯಾಕ್ಟರಿನಲ್ಲಿ ದೇವದುರ್ಗಕ್ಕೆ. ಟ್ರ್ಯಾಕ್ಟರಿಗೆ ಹಳ್ಳದ ಭಯವಿಲ್ಲ. ಮೂರನೆಯದು ಮೆಹಬೂಬನ ಮನೆಗೇ. ಮೂವರೂ ಮನೆಯಲ್ಲಿ ಬೇಯಿಸಿ, ಮಧ್ಯಾಹ್ನ ವಿಡಿಯೊದಲ್ಲಿ ಸೇರಿ, ಸಾಹುಕಾರರ ಎದುರು ತಿಂದು ಹೂಂ ಅನ್ನುವುದು. ಮಾನ್ವಿಯಿಂದ ಲಾರಿ ನೇರ ಹೊರಡುವುದು. ಇಷ್ಟು ಹೇಳಿ ಫೋನಿಟ್ಟೆ. ಒಂದು ವ್ಯಾಪಾರವನ್ನೇ ನೀರಿನಿಂದ ಎತ್ತಿ ಒಣಗಲು ಹಾಕಿದ್ದೆ. ಮರೆತದ್ದು ಒಂದೇ, ಬೇಯಿಸುವವರು ಯಾರು ಎಂಬುದು.

‘ಮಡಿ ಇಲ್ದ ಒಲಿ ಮುಟ್ಟೂ ಹಂಗಿಲ್ಲ’ ಎಂದರು ಅತ್ತೆ. ‘ನೈವೇದ್ಯ ಆಗೂದ್ರೊಳಗ ಮನ್ಯಾಗ ಇನ್ನೊಂದು ಒಲಿ ಹಚ್ಚೂದೂ ಇಲ್ಲ. ನಾ ಹ್ಯಾಂಗೂ ಅನ್ನಾ ಮಾಡ್ತೀನಲ್ಲಾ, ನಿನ್ನ ಅಕ್ಕೀನs ಹಾಕ್ತೀನಿ, ಕೊಡು.’ ನಾನು ಆಫೀಸಿನ ಅಳತೆ ಲೋಟವನ್ನು ಮುಂದೆ ಹಿಡಿದು, ಇಷ್ಟು ಅಕ್ಕಿಗೆ ಇಷ್ಟೇ ನೀರು ಎಂದು ಮೆಲ್ಲಗೆ ಹೇಳಿದೆ. ಅವರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು. ‘ನಿಮ್ಮ ಮಾವನವರಿಗೆ, ಅವರ ಅಪ್ಪಗ, ಊರ ಮಠಕ್ಕ ಅನ್ನಾ ಮಾಡಿ ಹಾಕಿದ ಕೈ ಇದು. ಲೋಟಾ ತೊಗೊಂಡು ಹೋಗು’ ಎಂದರು. ತೊಗೊಂಡು ಹೋದೆ.

ಎರಡನೆಯ ತೊಡಕು ಮುಸುರೆಯದು. ನಮ್ಮಂಥ ಮನೆಗಳಲ್ಲಿ ಬೆಂದ ಅನ್ನ ಮುಟ್ಟಿದ ಕೈ ಮುಸುರೆ, ಆ ಕೈ ಮುಟ್ಟಿದ್ದೂ ಮುಸುರೆ. ತೊಳೆಯದೆ ಅದನ್ನು ಒಳಗೆ ತರುವಂತಿಲ್ಲ. ಮೊದಲ ದಿನ ನಾನು ಅನ್ನದ ಕೈಯಿಂದಲೇ ಲ್ಯಾಪ್‌ಟಾಪಿನ ಗುಂಡಿ ಒತ್ತಿಬಿಟ್ಟೆ. ‘ಆ ಡಬ್ಬಿ ಮುಸುರಿ ಆತು, ಬಚ್ಚಲಿಗೆ ಒಯ್ದು ತೊಳಕೊಂಡು ಬಾ’ ಎಂದು ಒಳಗಿನಿಂದ ಅಪ್ಪಣೆಯಾಯಿತು. ನನ್ನ ಗಂಡ ಅಡ್ಡ ಬಂದು, ಕರೆಂಟಿನ ವಸ್ತುವಿಗೆ ಮುಸುರೆ ತಾಕುವುದಿಲ್ಲ ಎಂದು ಶಾಸ್ತ್ರವೊಂದನ್ನು ನಿಂತ ನಿಲುವಿನಲ್ಲೇ ಹುಟ್ಟಿಸಿ ಅದರ ಪ್ರಾಣ ಉಳಿಸಿದರು. ಅಂದಿನಿಂದ ಲ್ಯಾಪ್‌ಟಾಪಿಗೆ ಹೊರಗಿನ ಪಡಸಾಲೆಯಲ್ಲಿ ಬೇರೆ ಮಣೆ. ಎಡಗೈ ಆಫೀಸಿಗೆ, ಬಲಗೈ ಅನ್ನಕ್ಕೆ. ಮೀಟಿಂಗು ಮುಗಿದ ಮೇಲೆ ನೆಲಕ್ಕೆ ನೀರು ಹಾಕಿ ಒರೆಸುವುದು. ಯಾವ ದೊಡ್ಡ ಕಂಪನಿಯ ಮೀಟಿಂಗು ಅಷ್ಟು ಶುದ್ಧವಾಗಿ ಮುಗಿಯುತ್ತದೆ ಹೇಳಿ.

ಇನ್ನು ನೈವೇದ್ಯ. ದೇವರಿಗೆ ತೋರಿಸದೆ ಅನ್ನವನ್ನು ಯಾರೂ ಬಾಯಿಗೆ ಹಾಕುವಂತಿಲ್ಲ. ಹೀಗಾಗಿ ಆ ದಿನಗಳಲ್ಲಿ ನಮ್ಮ ಕಂಪನಿಯ ಅಕ್ಕಿಯನ್ನು ಎಲ್ಲರಿಗಿಂತ ಮೊದಲು ನೋಡುತ್ತಿದ್ದವನು ಸಾಕ್ಷಾತ್ ನಾರಾಯಣ. ಅವನು ಯಾವ ಲಾಟನ್ನೂ ವಾಪಸು ಕಳಿಸಲಿಲ್ಲ. ವಿಡಿಯೊದಲ್ಲಿ ಎಲ್ಲರೂ ಬಂದು ಕೂತಿರುತ್ತಿದ್ದರು. ಒಳಗಿಂದ ಗಂಟೆಯ ಸದ್ದು. ‘ದೇವ್ರದಾತೇನ್ರಿ ಬಾಯಾರ?’ ಎಂದು ಸಾಹುಕಾರರು ಭಕ್ತಿಯಿಂದ ಕೇಳುವರು. ‘ಮಂಗಳಾರತಿ ನಡದದ್ರಿ’ ಎಂದು ನಾನು. ಹಣಮಂತ ಅಲ್ಲಿಂದಲೇ ಟೊಪ್ಪಿಗೆ ತೆಗೆದು ಕೈಮುಗಿಯುವನು.

ಅವನನ್ನು ನೀವು ನೋಡಬೇಕಿತ್ತು. ಅವನ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಮಾಳಿಗೆಯ ಮೇಲೆ ಸಿಗುತ್ತದೆ. ಕತ್ತಿಗೂ ಹೆಗಲಿಗೂ ನಡುವೆ ಛತ್ರಿ, ಒಂದು ಕೈಯಲ್ಲಿ ಅನ್ನದ ತಾಟು. ಫೋನನ್ನು ಅವನ ಹೆಂಡತಿ ಹಿಡಿದುಕೊಂಡಿರುವಳು. ಅನ್ನ ಕಂಡು ಕೋಳಿಗಳೂ ಮೆಟ್ಟಿಲು ಹತ್ತಿ ಬರುವವು. ‘ಬಾಯಾರ, ಮಲ್ಲಿಗಿ ಮೊಗ್ಗು ಆಗೇತ್ರಿ! ಕೋಳಿನೂ ತಿನ್ನಾಕತ್ತಾವು ನೋಡ್ರಿ!’ ಎಂದು ಮಳೆಯ ಸದ್ದನ್ನು ಮೀರಿ ಕೂಗುವನು. ಮೆಹಬೂಬನ ಕಥೆ ಬೇರೆ. ಅವನ ಬೇಗಮ್ಮನಿಗೆ ಬರೀ ಅನ್ನವನ್ನು ಗಂಡನ ಮುಂದಿಡಲು ಮನಸ್ಸೇ ಬಾರದು. ಚಕ್ಕೆ, ಲವಂಗ, ಹುರಿದ ಈರುಳ್ಳಿ ಹಾಕಿ ಬಗಾರ ಮಾಡಿಬಿಡುವಳು. ಅವನು ಮೊದಲ ತುತ್ತಿಗೇ ಕಣ್ಣು ಮುಚ್ಚಿ, ‘ಸೇಟ್, ಏನ್ ಖುಷ್ಬೂ ಅದ ರೀ!’ ಎನ್ನುವನು. ‘ಲೇ ಮೆಹಬೂಬ, ಅಕ್ಕಿ ಹ್ಯಾಂಗೈತಿ ಹೇಳು ಅಂದ್ರ ಹೆಂಡತಿ ಅಡಗಿ ಹೊಗಳಾಕತ್ತೀಯಲ್ಲೋ!’ ಎಂದು ಸಾಹುಕಾರರು ರೇಗುವರು. ರೇಗುತ್ತಲೇ ತಾಟನ್ನು ಇನ್ನಷ್ಟು ಹತ್ತಿರ ಹಿಡಿ ಎನ್ನುವರು. ಪಾಪ, ರೊಟ್ಟಿಯ ಮನುಷ್ಯ.

ಮತ್ತು ನಾನು? ನನ್ನ ತಟ್ಟೆಯಲ್ಲಿ ದಿನಾ ಮುದ್ದೆ. ಆದರೂ ಕೆಲಸ ನಿಲ್ಲಲಿಲ್ಲ. ಅತ್ತೆಯ ಅನ್ನವನ್ನು ಇಷ್ಟು ವರ್ಷ ಉಂಡವಳಿಗೆ ಅವರ ಕೈಯ ನೀರು ಎಷ್ಟೆಂದು ಗೊತ್ತಿಲ್ಲವೇ? ಆ ನೀರನ್ನು ಮನಸ್ಸಿನಲ್ಲೇ ಬಸಿದು, ಉಳಿದ ಅಗಳನ್ನು ಮನಸ್ಸಿನಲ್ಲೇ ಬಿಡಿಸಿ, ಹಣಮಂತನ ಕೋಳಿಗಳ ಕಡೆಗೂ ಒಂದು ಕಣ್ಣಿಟ್ಟು ತೀರ್ಪು ಕೊಡುತ್ತಿದ್ದೆ. ಬಾಗಿಲ ಪರದೆಯ ಹಿಂದೆ ಅತ್ತೆ ನಿಂತಿರುವರೆಂದು ನೆರಳಿನಿಂದ ತಿಳಿಯುತ್ತಿತ್ತು. ಆದ್ದರಿಂದ ‘ಮುದ್ದಿ’ ಎಂಬ ಮಾತು ಹಲ್ಲಿನ ತನಕ ಬಂದರೂ ನುಂಗಿ, ‘ನಡೀತದ್ರಿ’ ಎನ್ನುತ್ತಿದ್ದೆ. ಲಾರಿಗಳು ಹೊರಟವು. ಹೋದ ಅಕ್ಕಿಯ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಊರೆಲ್ಲ ನೀರಿನಲ್ಲಿ ನಿಂತಿರುವಾಗ ಮಣೆ, ಮಾಳಿಗೆ, ಬಗಾರದ ತಾಟುಗಳ ಮೇಲೆ ನಮ್ಮ ವ್ಯಾಪಾರ ಓಡುತ್ತಿದೆ ಎಂದು ನೆನೆದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತರಕಾರಿಯವಳಿಗೂ ಹೇಳಿದೆ. ಅವಳು, ‘ಅಂದ್ರ ಮನ್ಯಾಗ ಉಂಡ್ರೂ ಪಗಾರ ಕೊಡ್ತಾರಬೇ?’ ಎಂದು ಬೆರಗಾದಳು.

ಆಗ ಬಂತು ಹುಬ್ಬಳ್ಳಿಯ ಗಿರಾಕಿಯ ಲಾಟು. ಅವರು ದೊಡ್ಡ ಮದುವೆಗಳ ಊಟದ ಗುತ್ತಿಗೆ ಹಿಡಿಯುವವರು. ನಮ್ಮ ಆಫೀಸು ನಿಂತಿರುವುದೇ ಅವರ ಮೇಲೆ. ಮನೆಯಿಂದ ಅನ್ನ ನೋಡುತ್ತಿದ್ದೇವೆಂದು ಅವರಿಗೂ ಸುದ್ದಿ ಮುಟ್ಟಿತ್ತು. ಮದುವೆಗೆ ಹೋಗುವ ಅಕ್ಕಿ, ನಾನೂ ಮೀಟಿಂಗಿಗೆ ಬಂದು ಕಣ್ಣಾರೆ ನೋಡುತ್ತೇನೆ, ಸರಿ ಕಾಣದಿದ್ದರೆ ಇವತ್ತೇ ಬೇರೆ ಕಡೆ ತೊಗೊಳ್ಳುತ್ತೇನೆ ಎಂದರು. ಮಾನ್ವಿಯಲ್ಲಿ ಲಾರಿ ಲೋಡಾಗಿ ನಿಂತಿತ್ತು. ಒಳಗೆ ಗಂಟೆಯ ಸದ್ದಾಯಿತು, ಮಂಗಳಾರತಿ ಆಯಿತು. ವಿಡಿಯೊ ತೆರೆದರೆ ದೇವದುರ್ಗದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಣಮಂತ ಕಾಣಲೇ ಇಲ್ಲ. ಮೆಹಬೂಬ ದೊಡ್ಡ ಗಿರಾಕಿ ಬರುತ್ತಾರೆಂದು ಮನೆಯಲ್ಲಿ ಹೇಳಿದ್ದೇ ತಪ್ಪಾಗಿತ್ತು. ಬೇಗಮ್ಮ ಮರ್ಯಾದೆಗೆಂದು ಕೇಸರಿ ಬಣ್ಣವನ್ನೂ ಹಾಕಿ, ಮೇಲೆ ಗೋಡಂಬಿ ಉದುರಿಸಿದ್ದಳು. ‘ಇದರಾಗ ಅಕ್ಕಿ ಎಲ್ಲೈತಪಾ?’ ಎಂದರು ಗಿರಾಕಿ. ಉಳಿದದ್ದು ನನ್ನ ತಟ್ಟೆ.

ತಟ್ಟೆಯನ್ನು ಕ್ಯಾಮೆರಾಕ್ಕೆ ಹಿಡಿದೆ. ಸೌಟಿನ ಆಕಾರದ ಅನ್ನ ಲ್ಯಾಪ್‌ಟಾಪಿನ ತುಂಬ ಕೂತಿತು.  ‘ಏನ್ರೀ ಬಸವಂತಪ್ಪನವ್ರ, ಇದು ಅನ್ನನೋ ಅಂಟೋ? ಇದನ್ನ ಬಡಿಸಿದ್ರ ಬೀಗರು ನನ್ನ ಹಂದರದಾಗs ಕಟ್ಟಿ ಹಾಕ್ತಾರ’ ಎಂದರು ಗಿರಾಕಿ. ಸಾಹುಕಾರರ ಮುಖ ಬಿಳುಪೇರಿತು. ‘ಬಾಯಾರ, ಹ್ಯಾಂಗದರೀ?’ ಎಂದರು. ದಿನಾ ಕೇಳುವ ಮಾತೇ, ಆದರೆ ಆವತ್ತು ಅದರೊಳಗೆ ಅವರ ಬಾಗಿಲ ಬೀಗ, ಹಣಮಂತನ ಕೆಲಸ, ನನ್ನ ಹೂಂ ಎಲ್ಲ ಇದ್ದವು.

ಒಂದು ಅಗಳನ್ನು ಬಾಯಿಗಿಟ್ಟೆ. ಅಕ್ಕಿ ಹಳೆಯದು, ಒಳ್ಳೆಯದು, ತುಂಡಿಲ್ಲ, ವಾಸನೆಯಿಲ್ಲ. ಇಂಥ ಅಕ್ಕಿ ಆ ಮಳೆಗಾಲದಲ್ಲಿ ಇನ್ನೊಂದು ಬಂದಿರಲಿಲ್ಲ. ‘ನಡೀತದ್ರಿ’ ಎಂದರೆ ಈ ಮುದ್ದೆ ನೋಡಿದ ಗಿರಾಕಿ ನಂಬುವುದಿಲ್ಲ. ‘ಬ್ಯಾಡ್ರಿ’ ಎಂದರೆ ಬಂಗಾರದಂಥ ಲಾಟನ್ನು ಕೈಯಾರೆ ಹಾಳು ಮಾಡಿದಂತೆ. ಖರೇ ಹೇಳಿದರೆ ಬಾಗಿಲ ಪರದೆಯ ಹಿಂದೆ ನೆರಳಿದೆ. ಜೀವಮಾನದಲ್ಲಿ ಅಷ್ಟು ಹೊತ್ತು ಒಂದೇ ಅಗಳನ್ನು ನಾನು ಅಗಿದಿಲ್ಲ. ಕಡೆಗೆ ಕಣ್ಣು ಮುಚ್ಚಿಕೊಂಡು, ‘ಸಾಹುಕಾರ್ರ, ಅಕ್ಕಿ ಭಾಳ ಛಲೋ ಅದ್ರಿ. ನೀರು ಹೆಚ್ಚಾಗ್ಯಾವ. ತಪ್ಪು ಅಕ್ಕೀದಲ್ಲ, ಮಾಡಿದವ್ರದು’ ಎಂದುಬಿಟ್ಟೆ.

ಬಾಗಿಲ ಪರದೆ ಸರ್ರೆಂದು ಸರಿಯಿತು. ಅತ್ತೆ ಮಡಿಸೀರೆಯಲ್ಲೇ ಬಂದು, ಮಣೆಯಿಂದ ಒಂದು ಮೊಳ ದೂರ ನಿಂತು, ಲ್ಯಾಪ್‌ಟಾಪಿಗೆ ಬಗ್ಗಿ ಮಾತಾಡಿದರು. ‘ಏನ್ರೀ ಯಪ್ಪಾ, ಅಕ್ಕಿಗೆ ಹೆಸರಿಡಬ್ಯಾಡ್ರಿ. ಈಕಿ ಅಂದದ್ದು ಖರೇ ಅದ. ನೀರು ನಾನs ಹೆಚ್ಚು ಹಾಕೀನಿ. ಗೊತ್ತಿಲ್ದ ಹಾಕಿಲ್ಲ, ಬೇಕಂತ ಹಾಕೀನಿ.’

‘ಯಾಕ್ರೀ ಅವ್ವಾರ?’ ಎಂದರು ಗಿರಾಕಿ.

‘ಇನ್ಯಾಕ? ಈ ಸೊಸೀ ಸಲುವಾಗಿ. ಈಕಿ ಲಗ್ನಾಗಿ ಬಂದ ಮರುದಿನ ಗಡಿಬಿಡಿಯೊಳಗ ಅನ್ನ ಮುದ್ದ್ಯಾಗಿತ್ತು. ಮಂದಿ ಎಲ್ಲಾ ಮಾರಿ ಸೊಟ್ಟ ಮಾಡಿದ್ರು. ನನಗ ಅಳೂನ ಬಂದಿತ್ತು. ಈಕಿ ಒಬ್ಬಾಕೀನs ಛಲೋ ಆಗೇದ್ರಿ ಅತ್ಯಾ ಅಂತಂದು ಎರಡನೇ ಸಲ ಹಾಕಿಸಿಕೊಂಡು ಉಂಡ್ಲು. ಕೂಸಿಗೆ ಮುದ್ದಿ ಅನ್ನ ಸೇರ್ತದ ಅಂತ ಅವತ್ತಿನಿಂದ ಹಿಂಗs ಮಾಡ್ಲಿಕ್ಕತ್ತೀನಿ. ಇಲ್ಲಂದ್ರ ನನಗೇನು ಉದುರು ಅನ್ನಾ ಮಾಡ್ಲಿಕ್ಕೆ ಬರೂದಿಲ್ಲೇನು? ಈ ಅನ್ನಾ ನನಗs ಸೇರೂದಿಲ್ಲ!’

ಒಳಕೋಣೆಯಿಂದ ನನ್ನ ಗಂಡನ ದನಿ ಕೇಳಿತು. ‘ಅಂದ್ರ ಇಷ್ಟು ವರ್ಷ ಈ ಮುದ್ದಿ ಯಾರಿಗೂ ಸೇರ್ತಿದ್ದಿಲ್ಲೇನು?’ ಅಷ್ಟು ನೋವನ್ನು ಅವರ ದನಿಯಲ್ಲಿ ನಾನು ಎಂದೂ ಕೇಳಿರಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ನಾಲಿಗೆಯ ಖರೇತನಕ್ಕೆ ಸಂಬಳ ತೊಗೊಳ್ಳುವವಳು ನಾನು. ಆ ನಾಲಿಗೆಯ ಒಂದು ಸುಳ್ಳಿಗೆ ಇಡೀ ಮನೆ ಅಂಟು ತಿಂದಿತ್ತು, ಅದೂ ನನ್ನ ಮೇಲಿನ ಪ್ರೀತಿಗೆ. ನಗಬೇಕೋ ಅಳಬೇಕೋ ತಿಳಿಯದೆ ಎಡಗೈಯಲ್ಲಿ ಕಣ್ಣೊರೆಸಿಕೊಂಡೆ.

ನಗುವ ಕೆಲಸವನ್ನು ಹುಬ್ಬಳ್ಳಿಯವರು ಮಾಡಿದರು. ಲ್ಯಾಪ್‌ಟಾಪೇ ಅಲುಗಾಡುವಂತೆ ನಕ್ಕು, ‘ಬಸವಂತಪ್ಪನವ್ರ, ಲಾರಿ ಬಿಡ್ರಿ. ತನ್ನ ಅನ್ನದ ತಪ್ಪನ್ನ ಊರ ಮುಂದ ಒಪ್ಪಿಕೊಂಡ ಅತ್ತೀನ್ನ ನಾ ಇವತ್ತಿನ ತನಕ ನೋಡಿದ್ದಿಲ್ಲ. ಈ ಅಕ್ಕಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬ್ಯಾಡ’ ಎಂದರು. ಮೆಹಬೂಬ ಕೈಯಲ್ಲಿದ್ದ ತಾಟಿನ ಸಮೇತ ಎದ್ದು ಓಡಿದ. ಅತ್ತ ಲಾರಿಯ ಹಾರ್ನು ಕೇಳಿದಾಗ ನಾನು ಮಣೆಯ ಮೇಲೆ ಕೂತೇ ಕುಣಿದೆ. ಸಾಹುಕಾರರು ನನ್ನನ್ನು ಬಿಟ್ಟು ಅತ್ತೆಗೆ ಕೈಮುಗಿದರು.

ಈಗ ನೀರು ಇಳಿದಿದೆ, ಆಫೀಸು ಒಣಗಿದೆ, ಬೋಗುಣಿ ಒಲೆಗೆ ಮರಳಿದೆ. ಆದರೂ ಸಾಹುಕಾರರು ಮನೆಯ ಕೆಲಸವನ್ನು ಪೂರ್ತಿ ಬಿಡಿಸಿಲ್ಲ. ವಾರದಲ್ಲಿ ಕೆಲವು ದಿನ ಗಂಜಿನಲ್ಲಿ, ಕೆಲವು ದಿನ ಮನೆಯಲ್ಲಿ. ಮತ್ತೆ ಮಳೆ ಬಂದರೆ ಕೈಗೆ ರೂಢಿ ಇರಬೇಕಂತೆ. ಮನೆಯ ದಿನ ಮೀಟಿಂಗಿನಲ್ಲಿ ಮೊದಲು ‘ಅವ್ವಾರು ಆರಾಮದಾರೇನ್ರಿ?’ ಎಂದು ವಿಚಾರಿಸಿ, ಆಮೇಲೆ ನನ್ನನ್ನು ಕೇಳುತ್ತಾರೆ.

ಲಾರಿ ಹೋದ ಮರುದಿನದ ಊಟವೊಂದನ್ನು ಹೇಳಿ ಮುಗಿಸುತ್ತೇನೆ. ಅತ್ತೆ ಇಷ್ಟು ವರ್ಷಗಳ ಮೇಲೆ ಉದುರು ಅನ್ನ ಮಾಡಿದ್ದರು. ತಟ್ಟೆಗೆ ಬಡಿಸಿದಾಗ ಟಪಟಪ ಸದ್ದಾಯಿತು. ರೂಢಿ ತಪ್ಪಿದ ಕೈ, ಅಗಳು ಅರ್ಧ ಬೆಂದು ಅರ್ಧ ಅಕ್ಕಿಯಾಗಿಯೇ ಉಳಿದಿತ್ತು. ನನ್ನ ಗಂಡ ಒಂದು ತುತ್ತು ಅಗಿದು, ಈಗಲೇ ಹೇಳು, ದೇವರಾಣೆ ಈಗಲೇ ಹೇಳಿಬಿಡು ಎಂಬಂತೆ ನನ್ನನ್ನು ನೋಡಿದರು. ಅತ್ತೆ ಸೌಟು ಹಿಡಿದು ನನ್ನ ಮುಂದೆಯೇ ನಿಂತಿದ್ದರು. ಕಣ್ಣಲ್ಲಿ ಹೊಸ ಮದುವಣಗಿತ್ತಿಯ ಹೆದರಿಕೆ. ‘ಹ್ಯಾಂಗ ಆಗೇದ? ಖರೇ ಹೇಳಬೇಕು ಮತ್ತ’ ಎಂದರು.

ನಾನು ಅಗಳನ್ನು ನಾಲಿಗೆಯ ಮೇಲೆ ಹೊರಳಾಡಿಸಿದೆ, ಗೋಡೆ ನೋಡಿದೆ.

‘ಛಲೋ ಆಗೇದ್ರಿ ಅತ್ಯಾ, ಇನ್ನೊಂದಿಷ್ಟು ಹಾಕ್ರಿ’ ಎಂದೆ.